ಹೊಗೆಯಿಲ್ಲದ ಒಲೆ: ಐರ್ಲೆಂಡಿನ ಹಳ್ಳಿ ಕವಿತೆಗಳಲ್ಲಿ ಟರ್ಫ್

ಐರಿಶ್ ಕವಿ ಜಾನ್ ಮಾಂಟೆಗ್ಯೂ ಅವರ ಒಂದು ಪದ್ಯದಲ್ಲಿ ಹಳ್ಳಿಯ ಮುದುಕರು ಸಾಲಾಗಿ ಬರುತ್ತಾರೆ. ಉತ್ತರ ಐರ್ಲೆಂಡಿನ ಟೈರೋನ್ ಸೀಮೆಯಲ್ಲಿ ತಾವು ಹುಡುಗನಾಗಿದ್ದಾಗ ನೋಡಿದವರನ್ನು ಕವಿ ಹೆಸರು ಹಿಡಿದು ನೆನೆಯುತ್ತಾರೆ. ಅವರಲ್ಲಿ ಜೇಮೀ ಮ್ಯಾಕ್‌ಕ್ರಿಸ್ಟಲ್ ಒಬ್ಬ. ಪಿಂಚಣಿ ಬಂದ ದಿನ ಹುಡುಗನ ಕೈಗೆ ಒಂದು ಪೆನ್ನಿ ಇಡುತ್ತಿದ್ದವನು, ಚಳಿಗಾಲದಲ್ಲಿ ಹಕ್ಕಿಗಳಿಗೆ ರೊಟ್ಟಿಯ ಚೂರು ಹಾಕುತ್ತಿದ್ದವನು. ಅವನು ಸತ್ತಾಗ ಯಾರೋ ಮನೆಗೆ ನುಗ್ಗಿ ಹಾಸಿಗೆ ಹರಿದು, ದುಡ್ಡಿನ ಪೆಟ್ಟಿಗೆ ಒಡೆದು ಹುಡುಕುತ್ತಾರೆ. ಹೆಣವನ್ನು ಮಾತ್ರ ಮುಟ್ಟುವುದಿಲ್ಲ. ಪದ್ಯ ಮುಗಿಯುವ ಹೊತ್ತಿಗೆ ಇಂಥ ಮುದುಕರನ್ನು ನೆರೆಯವರು ಬಂದು ನೋಡುತ್ತಾರೆ. ಹೊಗೆಯಾಡದ ಒಲೆಯನ್ನು ಕಾಯುತ್ತಾ ಅವರು ಸತ್ತಿರುತ್ತಾರೆ.

ಒಲೆಯಲ್ಲಿ ಹೊಗೆ ಇಲ್ಲ ಅನ್ನುವುದನ್ನು ನಾವು ಒಂದು ಸಣ್ಣ ವಿವರ ಅಂತ ಓದಿ ಮುಂದೆ ಹೋಗಿಬಿಡಬಹುದು. ಅಲ್ಲಿಯ ಓದುಗರಿಗೆ ಅದು ಹಾಗಲ್ಲ. ಗುಡ್ಡದ ಮೇಲಿನ ಒಂಟಿ ಮನೆಯಿಂದ ಬೆಳಿಗ್ಗೆ ಹೊಗೆ ಎದ್ದರೆ ಒಳಗಿರುವವರು ಬದುಕಿದ್ದಾರೆ ಎಂದು ಲೆಕ್ಕ. ಹೊಗೆ ಕಾಣದಿದ್ದರೆ ಯಾರಾದರೂ ಹೋಗಿ ಬಾಗಿಲು ತಟ್ಟಬೇಕು. ಆ ಹೊಗೆ ಬರುತ್ತಿದ್ದದ್ದು ಟರ್ಫ್‌ನಿಂದ, ಅಂದರೆ ಜೌಗು ನೆಲದಿಂದ ಕಡಿದು ಒಣಗಿಸಿದ ಉರುವಲಿನಿಂದ.

ಐರಿಶ್ ಹಳ್ಳಿಯ ಬಡತನದ ಬಗ್ಗೆ ಬಂದ ಕವಿತೆಗಳಲ್ಲಿ ಟರ್ಫ್, ಜೌಗು, ಒಲೆ ಮತ್ತೆ ಮತ್ತೆ ಬರುತ್ತವೆ. ನಮ್ಮಲ್ಲಿ ಇಂಗ್ಲಿಷ್ ಎಂ.ಎ. ಮಾಡಿದ ಬಹಳ ಮಂದಿ ಐರಿಶ್ ಕವಿ ಶೇಮಸ್ ಹೀನಿ ಅವರ ‘ಡಿಗ್ಗಿಂಗ್’ ಪದ್ಯ ಓದಿರುತ್ತಾರೆ. ಪರೀಕ್ಷೆಗೆ ಉತ್ತರವನ್ನೂ ಬರೆದಿರುತ್ತಾರೆ. ಆದರೆ ಟರ್ಫ್ ಹೇಗಿರುತ್ತದೆ, ಅದನ್ನು ಯಾರು ಕಡಿಯುತ್ತಿದ್ದರು, ಯಾಕೆ ಕಡಿಯುತ್ತಿದ್ದರು ಅನ್ನುವುದು ಗೊತ್ತಿಲ್ಲದಿದ್ದರೆ ಅರ್ಧ ಪದ್ಯ ಕೈಗೆ ಸಿಗುವುದಿಲ್ಲ. ಐರ್ಲೆಂಡಿನ ಬಡ ರೈತನ ಬದುಕಿನಲ್ಲಿ ಬಹುಮಟ್ಟಿಗೆ ದುಡ್ಡು ಕೊಡದೆ, ಬರೀ ಮೈಮುರಿದು ದುಡಿದು ಪಡೆಯಬಹುದಾಗಿದ್ದ ಸಂಪತ್ತು ಅದೊಂದೇ. ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಹಳೆಯ ಪದ್ಯಗಳೂ ಅರ್ಥವಾಗುತ್ತವೆ, ಟರ್ಫ್ ಹೋಗುತ್ತಿದೆ ಎಂದು ಇವತ್ತು ಅಲ್ಲಿಯವರು ಯಾಕೆ ಇಷ್ಟು ಸಂಕಟಪಡುತ್ತಾರೆ ಅನ್ನುವುದೂ ಅರ್ಥವಾಗುತ್ತದೆ.

ನೆಲದಿಂದ ಒಲೆಯವರೆಗೆ

ಐರ್ಲೆಂಡಿನಲ್ಲಿ ಮಳೆ ಜಾಸ್ತಿ, ಬಿಸಿಲು ಕಡಿಮೆ. ನೀರು ನಿಂತ ಜೌಗು ನೆಲದಲ್ಲಿ ಸ್ಫ್ಯಾಗ್ನಮ್ ಎಂಬ ಪಾಚಿ ಬೆಳೆಯುತ್ತದೆ. ಬೇರೆ ಕಡೆಯಾದರೆ ಸತ್ತ ಗಿಡ ಕೊಳೆತು ಮಣ್ಣಾಗುತ್ತದೆ. ಇಲ್ಲಿ ನೀರಿನ ಅಡಿಯಲ್ಲಿ ಗಾಳಿ ಇಲ್ಲ. ಸಾಲದ್ದಕ್ಕೆ ಈ ಪಾಚಿ ಸುತ್ತಲಿನ ನೀರನ್ನೇ ಹುಳಿ ಮಾಡಿಬಿಡುತ್ತದೆ. ಕೊಳೆಸುವ ಸೂಕ್ಷ್ಮಜೀವಿಗಳಿಗೆ ಅಲ್ಲಿ ಬಾಳಿಕೆ ಇಲ್ಲ. ಹಾಗಾಗಿ ಸತ್ತ ಗಿಡಗಳು ಅರೆಬರೆ ಕೊಳೆತು, ಒಂದರ ಮೇಲೊಂದು ಪದರವಾಗಿ ಕೂರುತ್ತವೆ. ಇದೇ ಪೀಟ್. ಅದು ವರ್ಷಕ್ಕೆ ಬೆಳೆಯುವುದು ಸುಮಾರು 1 ಮಿಲಿಮೀಟರ್. ಒಂದು ಅಡಿ ಆಳ ಕಡಿದರೆ ಹೆಚ್ಚುಕಡಿಮೆ 300 ವರ್ಷಗಳನ್ನು ಕಡಿದು ತೆಗೆದ ಹಾಗೆ. ದೇಶದ ನಡುಭಾಗದಲ್ಲಿ, ಹಿಮಯುಗ ಮುಗಿದ ಮೇಲೆ ಉಳಿದ ಕೆರೆಗಳು ತುಂಬಿಕೊಂಡು ದಪ್ಪ ಜೌಗುಗಳಾದವು. ಪಶ್ಚಿಮ ಕರಾವಳಿಯಲ್ಲಿ, ಬೆಟ್ಟಗಳ ಮೇಲೆ, ಮಳೆಯ ಜೋರಿಗೆ ಇಡೀ ನೆಲವನ್ನೇ ತೆಳುವಾಗಿ ಹೊದ್ದುಕೊಂಡ ಜೌಗುಗಳಾದವು. ಎರಡೂ ಸೇರಿ ದೇಶದ ನೆಲದ ಸುಮಾರು ಐದನೇ ಒಂದು ಭಾಗ ಪೀಟ್.

ಒಲೆಗೆಂದು ಕಡಿದ ಪೀಟನ್ನು ಅಲ್ಲಿಯವರು ಟರ್ಫ್ ಎನ್ನುತ್ತಾರೆ. ಅದನ್ನು ಕಡಿಯಲು ‘ಸ್ಲೇನ್’ ಎಂಬ ಸಲಿಕೆ ಇತ್ತು. ಉದ್ದ ಹಿಡಿ, ಕಿರಿದಾದ ಅಲಗು, ಅದರ ಒಂದು ಪಕ್ಕದಲ್ಲಿ ನೇರಕ್ಕೆ ಚಾಚಿದ ಇನ್ನೊಂದು ಸಣ್ಣ ಅಲಗು. ಒಂದೇ ಸಲ ಒತ್ತಿದರೆ ಎರಡು ಬದಿ ಕತ್ತರಿಸಿ, ಇಟ್ಟಿಗೆಯಾಕಾರದ ಹೆಂಟೆ ಎದ್ದು ಬರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಕೆಲಸ ಶುರು. ಮೊದಲು ಮೇಲಿನ ಹುಲ್ಲುಹೊದಿಕೆ ಸುಲಿಯಬೇಕು. ಆಮೇಲೆ ಒಬ್ಬ ಕಡಿಯುತ್ತಾನೆ, ಇನ್ನೊಬ್ಬ ಕೆಳಗೆ ನಿಂತು ಜಾರುವ ಹೆಂಟೆಯನ್ನು ಹಿಡಿದು ದಡಕ್ಕೆ ಎಸೆಯುತ್ತಾನೆ. ಮೇಲಿನ ಪದರ ಕಂದು, ಹಗುರ, ನಾರು ನಾರು. ಬೇಗ ಹತ್ತಿ ಬೇಗ ಆರುತ್ತದೆ. ಕೆಳಗೆ ಹೋದಷ್ಟೂ ಪೀಟ್ ಕಪ್ಪಗಾಗುತ್ತದೆ, ಬಿಗಿಯಾಗುತ್ತದೆ. ಅದಕ್ಕೆ ಕಾವು ಜಾಸ್ತಿ, ಹೊತ್ತು ಜಾಸ್ತಿ. ಇದನ್ನು ನೆನಪಿಡಿ, ಹೀನಿಯವರ ಪದ್ಯಕ್ಕೆ ಬೇಕಾಗುತ್ತದೆ.

ಕಡಿದದ್ದು ಮುಗಿದ ಕೆಲಸವಲ್ಲ. ಹಸಿ ಹೆಂಟೆಯಲ್ಲಿ ಶೇಕಡಾ 90ರಷ್ಟು ನೀರೇ. ನಮ್ಮಲ್ಲಿ ಬೆರಣಿ ಒಣಗಿಸಿದ ಹಾಗೆ ಅದನ್ನು ಬಯಲಲ್ಲಿ ಹರವಬೇಕು. ಮೇಲ್ಮೈ ಒಣಗಿ ಸ್ವಲ್ಪ ಗಟ್ಟಿಯಾದ ಮೇಲೆ ನಾಲ್ಕೈದು ಹೆಂಟೆಗಳನ್ನು ನಿಲ್ಲಿಸಿ, ಒಂದಕ್ಕೊಂದು ಒರಗಿಸಿ, ನೆತ್ತಿಯ ಮೇಲೆ ಒಂದನ್ನು ಅಡ್ಡ ಇಡಬೇಕು. ಸಂದಿನಲ್ಲಿ ಗಾಳಿ ಆಡಬೇಕಲ್ಲ. ಒಂದು ಮನೆಯ ಚಳಿಗಾಲಕ್ಕೆ ಸಾವಿರಾರು ಹೆಂಟೆ ಬೇಕು. ಒಂದೊಂದನ್ನೂ ಬಗ್ಗಿ ಎತ್ತಬೇಕು. ಈ ಕೆಲಸ ಹೆಚ್ಚಾಗಿ ಹೆಂಗಸರದ್ದು, ಮಕ್ಕಳದ್ದು. ಸಂಜೆಗೆ ಸೊಂಟ ನೆಟ್ಟಗಾಗುವುದಿಲ್ಲ. ಗಾಳಿ ನಿಂತರೆ ಕಣ್ಣಿಗೆ ಕಾಣದಷ್ಟು ಸಣ್ಣ ನುಸಿ ಮುತ್ತಿಕೊಳ್ಳುತ್ತದೆ. ನಡುವೆ ಮಳೆ ಹಿಡಿದರೆ ಎಲ್ಲ ಮತ್ತೆ ಮೊದಲಿನಿಂದ. ಬೇಸಿಗೆಯಿಡೀ ಮಳೆ ಬಿಡದ ವರ್ಷ ಟರ್ಫ್ ಒಣಗುವುದೇ ಇಲ್ಲ. ಅಂಥ ವರ್ಷ ಚಳಿಗಾಲ ಹೇಗಿರುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ.

ಒಣಗಿದ್ದನ್ನು ಕತ್ತೆಯ ಬೆನ್ನಿನ ಎರಡೂ ಕಡೆಗೆ ಬುಟ್ಟಿ ಕಟ್ಟಿ ಮನೆಗೆ ಸಾಗಿಸುತ್ತಿದ್ದರು. ಮನೆಯ ಪಕ್ಕದಲ್ಲಿ ಬಣವೆ ಒಟ್ಟುತ್ತಿದ್ದರು. ಒಳಗೆ ಮಳೆ ಇಳಿಯದ ಹಾಗೆ ಹೊರಸಾಲನ್ನು ಓರೆಯಾಗಿ ಜೋಡಿಸುವುದು ಒಂದು ಕಲೆ. ಯಾರ ಬಣವೆ ಅಂದವಾಗಿದೆ ಎಂದು ಊರಿನವರು ನೋಡುತ್ತಿದ್ದರು. ಕೆಲಸಕ್ಕೆ ನೆರೆಯವರು ಮುಯ್ಯಾಳು ಬರುತ್ತಿದ್ದರು. ಇವತ್ತು ನಿನ್ನ ಜೌಗಿನಲ್ಲಿ, ನಾಳೆ ನನ್ನದರಲ್ಲಿ. ಅಲ್ಲೇ ಬೆಂಕಿ ಹಾಕಿ ಚಹಾ ಕುದಿಸುತ್ತಿದ್ದರು. ಜೌಗಿನಲ್ಲಿ ಕುಡಿದ ಚಹಾದ ರುಚಿ ಮನೆಯ ಚಹಾಕ್ಕೆ ಬರುವುದಿಲ್ಲ ಎಂದು ಅಲ್ಲಿಯ ಹಿರಿಯರು ಈಗಲೂ ಹೇಳುತ್ತಾರೆ.

ಒಲೆ ಎಂದರೆ ಅಡುಗೆ, ಬೆಚ್ಚಗೆ, ಬಟ್ಟೆ ಒಣಗಿಸುವ ಜಾಗ, ಹರಟೆಯ ಜಾಗ, ಕಥೆಯ ಜಾಗ ಎಲ್ಲವೂ. ರಾತ್ರಿ ಮಲಗುವ ಮುಂಚೆ ಮನೆಯೊಡತಿ ಕೆಂಡಗಳನ್ನು ಒಟ್ಟು ಮಾಡಿ, ಮೇಲೆ ಬೂದಿ ಮುಚ್ಚಿ, ಒಂದು ಪ್ರಾರ್ಥನೆ ಹೇಳುತ್ತಿದ್ದಳು. ಬೆಳಿಗ್ಗೆ ಬೂದಿ ಸರಿಸಿ ಅದೇ ಕೆಂಡದಿಂದ ಹೊಸ ಉರಿ. ತಲೆಮಾರುಗಳಿಂದ ಆರಿಲ್ಲದ ಬೆಂಕಿ ಎಂದು ಕೆಲವು ಮನೆಯವರು ಹೆಮ್ಮೆ ಪಡುತ್ತಿದ್ದರು. ಹಳ್ಳಿ ಶಾಲೆಗೆ ಹೋಗುವ ಮಗು ಕಂಕುಳಲ್ಲಿ ಪುಸ್ತಕದ ಜೊತೆಗೆ ಒಂದು ಟರ್ಫ್ ಹೆಂಟೆಯನ್ನೂ ಒಯ್ಯಬೇಕಿತ್ತು. ಶಾಲೆಯ ಒಲೆ ಉರಿಯುತ್ತಿದ್ದದ್ದು ಹಾಗೆ.

ಕಾಡು ಮೊದಲೇ ಹೋಗಿತ್ತು

ಸೌದೆ ಇರಲಿಲ್ಲವೇ? ಇರಲಿಲ್ಲ. ಒಂದು ಕಾಲಕ್ಕೆ ದಟ್ಟ ಕಾಡಿದ್ದ ದೇಶದಲ್ಲಿ 1900ರ ಹೊತ್ತಿಗೆ ಉಳಿದಿದ್ದದ್ದು ನೆಲದ ಶೇಕಡಾ 1ರ ಆಸುಪಾಸು. ಕಲ್ಲಿದ್ದಲೂ ಹೇಳಿಕೊಳ್ಳುವಷ್ಟು ಇಲ್ಲ. ಕಾಡು ಹೋದ ದುಃಖಕ್ಕೂ ಒಂದು ಪದ್ಯವಿದೆ. ಟಿಪ್ಪರೇರಿ ಸೀಮೆಯ ಕಿಲ್‌ಕ್ಯಾಶ್ ಎಂಬ ಊರಿನ ಮೇಲೆ ಐರಿಶ್ ಭಾಷೆಯಲ್ಲಿ ಹುಟ್ಟಿದ ಶೋಕಗೀತೆ ಅದು. ‘ಇನ್ನು ಮುಂದೆ ಮರಕ್ಕೆ ಏನು ಮಾಡೋಣ? ಕೊನೆಯ ಕಾಡೂ ನೆಲಕ್ಕುರುಳಿತು’ ಎಂಬ ಅರ್ಥದ ಮಾತಿನಿಂದ ಶುರುವಾಗುತ್ತದೆ. ಅಲ್ಲಿದ್ದ ಬಟ್ಲರ್ ಮನೆತನದ ಮರಗಳನ್ನು 1797 ಮತ್ತು 1801ರಲ್ಲಿ ಮಾರಲಾಯಿತು. ಪದ್ಯದಲ್ಲಿ ಮರ ಬರೀ ಮರವಲ್ಲ. ಹಳೆಯ ಕ್ಯಾಥೊಲಿಕ್ ಮನೆತನ, ಊಟ ಹಾಕುತ್ತಿದ್ದ ದೊಡ್ಡಮನೆ, ಜೇನು, ಹಕ್ಕಿ ಎಲ್ಲವೂ ಒಟ್ಟಿಗೆ ಹೋದವು ಎಂಬ ಅಳಲು. ಐರ್ಲೆಂಡಿನ ಮಕ್ಕಳು ತಲೆಮಾರುಗಳಿಂದ ಶಾಲೆಯಲ್ಲಿ ಇದನ್ನು ಬಾಯಿಪಾಠ ಮಾಡಿದ್ದಾರೆ.

ಟರ್ಫ್ ಬಗ್ಗೆ ಈಗ ಕೇಳಿಬರುವ ಸಂಕಟಕ್ಕೆ ಇಷ್ಟು ಹಳೆಯ ಬೇರಿದೆ ಅನ್ನುವುದು ನನಗೆ ಬಹಳ ಮುಖ್ಯ ಅನ್ನಿಸುತ್ತದೆ. ಒಂದು ಸಲ ಕಾಡು ಹೋಯಿತು. ಬಡವರು ಜೌಗಿಗೆ ಬಂದರು. ಈಗ ಅದೂ ಹೋಗುತ್ತಿದೆ.

ಹಸಿವು, ಚಳಿ, ವಲಸೆ

1845ರಲ್ಲಿ ಆಲೂಗಡ್ಡೆಗೆ ಅಂಗಮಾರಿ ರೋಗ ಬಿತ್ತು. ಬಡ ರೈತನಿಗೆ ಆಲೂಗಡ್ಡೆಯೇ ಊಟ. ಬೆಳೆದ ಧಾನ್ಯ ಜಮೀನ್ದಾರನ ಗೇಣಿಗೆ ಹೋಗುತ್ತಿತ್ತು. ಮುಂದಿನ ಏಳು ವರ್ಷಗಳಲ್ಲಿ ಸುಮಾರು 10 ಲಕ್ಷ ಜನ ಸತ್ತರು, ಇನ್ನೂ ಸುಮಾರು 10 ಲಕ್ಷ ಜನ ದೇಶ ಬಿಟ್ಟರು. 1841ರಲ್ಲಿ ಸುಮಾರು 82 ಲಕ್ಷ ಇದ್ದ ಜನಸಂಖ್ಯೆ 1851ಕ್ಕೆ 66 ಲಕ್ಷಕ್ಕೆ ಇಳಿದಿತ್ತು. ಗೇಣಿ ಕಟ್ಟಲಾಗದವರನ್ನು ಹೊರಹಾಕಿ, ಮತ್ತೆ ಬರಬಾರದೆಂದು ಚಾವಣಿ ಕೆಡವಿಸುತ್ತಿದ್ದರು. ಮನೆ ಹೋದರೆ ಒಲೆಯೂ ಹೋಯಿತು, ಜೌಗಿನಲ್ಲಿ ಕಡಿಯುವ ಹಕ್ಕೂ ಹೋಯಿತು.

ಈ ಕಾಲದ ಬಗ್ಗೆ ಈವನ್ ಬೋಲಂಡ್ ಬರೆದ ‘ಕ್ವಾರಂಟೀನ್’ 2001ರ ಪದ್ಯ. ಇಪ್ಪತ್ತೇ ಸಾಲು. 1847ರ ಚಳಿಗಾಲ. ಗಂಡ ಹೆಂಡತಿ ಇಬ್ಬರು ಬಡವರ ಆಶ್ರಯಮನೆಯಿಂದ ಹೊರಟು ನಡೆಯುತ್ತಿದ್ದಾರೆ. ಅವಳಿಗೆ ಬರಗಾಲದ ಜ್ವರ. ನಡೆಯಲು ಆಗುವುದಿಲ್ಲ. ಅವನು ಅವಳನ್ನು ಬೆನ್ನ ಮೇಲೆ ಹೊತ್ತು ನಡೆಯುತ್ತಾನೆ. ಕೊರೆಯುವ ಚಳಿಯ ರಾತ್ರಿ ಎಲ್ಲಿಗೋ ತಲುಪುತ್ತಾರೆ. ಬೆಳಿಗ್ಗೆ ಇಬ್ಬರೂ ಸತ್ತಿದ್ದಾರೆ. ಅವಳ ಪಾದಗಳನ್ನು ಅವನು ತನ್ನ ಎದೆಗೂಡಿಗೆ ಒತ್ತಿ ಹಿಡಿದುಕೊಂಡಿದ್ದಾನೆ. ತನ್ನ ಮೈಯಲ್ಲಿ ಉಳಿದಿದ್ದ ಕೊನೆಯ ಕಾವನ್ನು ಅವಳಿಗೆ ಕೊಟ್ಟಿದ್ದಾನೆ.

ಕಾರ್ಕ್ ಸೀಮೆಯ ಒಬ್ಬ ಪಾದ್ರಿ ಐರಿಶ್ ಭಾಷೆಯಲ್ಲಿ ಬರೆದ ಆತ್ಮಕಥೆಯಲ್ಲಿ ಈ ಘಟನೆ ಬರುತ್ತದೆ. ಬೋಲಂಡ್ ಅಲ್ಲಿಂದ ತೆಗೆದುಕೊಂಡರು. ಪದ್ಯದಲ್ಲಿ ಟರ್ಫ್ ಎಲ್ಲೂ ಬರುವುದಿಲ್ಲ. ಅದು ಇಲ್ಲದಿರುವುದೇ ಇಡೀ ಪದ್ಯದಲ್ಲಿ ಕೊರೆಯುತ್ತದೆ. ಆ ಇಬ್ಬರು ಏನೇನರಿಂದ ಸತ್ತರು ಎಂದು ಹೇಳುವಾಗ ಬೋಲಂಡ್ ಹಸಿವಿಗಿಂತ ಮೊದಲು ಚಳಿಯನ್ನು ಹೆಸರಿಸುತ್ತಾರೆ. ಬರಗಾಲ ಎಂದರೆ ನಮಗೆ ಹಸಿವೊಂದೇ ಕಣ್ಣ ಮುಂದೆ ಬರುತ್ತದೆ. ಆ ದೇಶದಲ್ಲಿ ಕಾವಿಲ್ಲದೆಯೂ ಜನ ಸಾಯುತ್ತಿದ್ದರು. ನನಗೆ ತಿಳಿದ ಪ್ರೇಮಕವಿತೆಗಳಲ್ಲಿ ಇದಕ್ಕಿಂತ ನಿಷ್ಠುರವಾದದ್ದು ಇಲ್ಲ. ಸುಲಭದ ಪ್ರೇಮಗೀತೆಗಳು ಈ ಹೊಸ್ತಿಲಿಗೆ ಬರಬಾರದು ಎಂದು ಕವಿಯೇ ಪದ್ಯದೊಳಗೆ ಹೇಳುತ್ತಾರೆ.

ವಲಸೆ ಹೋದವರ ಕಡೆಯಿಂದ ಬಂದದ್ದು ತೆರೇಸಾ ಬ್ರೇಟನ್ ಅವರ ‘ದ ಓಲ್ಡ್ ಬಾಗ್ ರೋಡ್’. ಕಿಲ್ಡೇರ್ ಸೀಮೆಯ ಈ ಕವಯಿತ್ರಿ 1895ರಲ್ಲಿ ಅಮೆರಿಕಕ್ಕೆ ಹೋದವರು. ನ್ಯೂಯಾರ್ಕ್‌ನಲ್ಲಿ ಇಟ್ಟಿಗೆ ಗಾರೆ ಹೊರುವ ಕೂಲಿಯೊಬ್ಬ ಊರಿನ ಜೌಗಿನ ದಾರಿಯನ್ನು ನೆನೆಯುತ್ತಾನೆ. ಅಮ್ಮ ಸತ್ತಾಗ ಅವನು ಅಲ್ಲಿಲ್ಲ. ಸರಳ ಪದ್ಯ, ಕಣ್ಣೀರು ಸ್ವಲ್ಪ ಜಾಸ್ತಿಯೇ. ಆದರೂ ಹಾಡಾಗಿ ಅದು ಲಕ್ಷಾಂತರ ಜನರ ಬಾಯಲ್ಲಿ ಉಳಿಯಿತು. ಊರು ಬಿಟ್ಟು ದುಡಿಯುವವರಿಗೆ ಅದರಲ್ಲಿ ತಮ್ಮದೇ ಮಾತು ಕೇಳಿಸುತ್ತಿತ್ತು.

ಕ್ಯಾವನಾ: ರೈತನ ಬದುಕು ಚಿತ್ರಪಟವಲ್ಲ

ಹಳ್ಳಿಯ ಬಗ್ಗೆ ಮಮತೆಯಿಂದ ಬರೆಯುವುದು ಒಂದು ಬಗೆ. ಪ್ಯಾಟ್ರಿಕ್ ಕ್ಯಾವನಾ ಅದಕ್ಕೆ ಒಪ್ಪಲಿಲ್ಲ. 1904ರಲ್ಲಿ ಮೊನಹನ್ ಸೀಮೆಯ ಇನಿಸ್ಕೀನ್‌ನಲ್ಲಿ ಹುಟ್ಟಿದವರು. ಅಪ್ಪ ಚಪ್ಪಲಿ ಹೊಲಿಯುತ್ತಿದ್ದರು, ಜೊತೆಗೆ ಸ್ವಲ್ಪ ಹೊಲ. ಕ್ಯಾವನಾ ಬೇಗ ಶಾಲೆ ಬಿಟ್ಟು ಹೊಲದಲ್ಲಿ ದುಡಿದರು. 1942ರಲ್ಲಿ ಅವರ ‘ದ ಗ್ರೇಟ್ ಹಂಗರ್’ ಬಂತು. ಹದಿನಾಲ್ಕು ಭಾಗಗಳ ದೀರ್ಘ ಕವಿತೆ. ಪ್ರಕಟವಾದಾಗ ಪೊಲೀಸರು ಕವಿಯ ಮನೆಗೆ ಹೋಗಿ ವಿಚಾರಿಸಿದರು.

ಅದರ ನಾಯಕ ಪ್ಯಾಟ್ರಿಕ್ ಮಗ್ವಾಯರ್ ಎಂಬ ಸಣ್ಣ ರೈತ. ಅವನಿಗೆ ಊಟಕ್ಕೆ ಕೊರತೆ ಇಲ್ಲ. ಮದುವೆ ಇಲ್ಲ, ಮಕ್ಕಳಿಲ್ಲ, ಪ್ರೀತಿ ಇಲ್ಲ. ಮುಂದಿನ ವರ್ಷ, ಬಿತ್ತನೆ ಮುಗಿಯಲಿ, ಅಮ್ಮ ಒಪ್ಪಲಿ ಎಂದು ದಿನ ತಳ್ಳುತ್ತಾನೆ. ಅಮ್ಮ 91 ವರ್ಷ ಬದುಕುತ್ತಾಳೆ. ಅವಳು ಸತ್ತಾಗ ಅವನಿಗೆ 65. ಹೊಲ ಅವನನ್ನು ಹಿಡಿದುಕೊಂಡುಬಿಟ್ಟಿದೆ. ಬರಗಾಲದ ನಂತರದ ಐರ್ಲೆಂಡಿನಲ್ಲಿ ಇದು ಮನೆಮನೆಯ ಕಥೆ. ಜಮೀನು ಒಡೆಯಬಾರದೆಂದು ಒಬ್ಬ ಮಗನಿಗೆ ಕೊಡುತ್ತಿದ್ದರು, ಉಳಿದವರು ಹಡಗು ಹತ್ತುತ್ತಿದ್ದರು. ಉಳಿದುಕೊಂಡವನು ಅಪ್ಪ ಅಮ್ಮ ಇರುವ ತನಕ ಮದುವೆಯಾಗುವಂತಿರಲಿಲ್ಲ.

ಹದಿಮೂರನೇ ಭಾಗದಲ್ಲಿ ಪಟ್ಟಣದವರು ಬಂದು ಕಾರು ನಿಲ್ಲಿಸಿ, ಬೇಲಿಯ ಮೇಲಿಂದ ರೈತನನ್ನು ನೋಡುತ್ತಾರೆ. ಆಹಾ, ಇವನಿಗೆ ಚಿಂತೆಯೇ ಇಲ್ಲ, ತಾಜಾ ಗಾಳಿ, ತಾಜಾ ಊಟ, ನಾಗರಿಕತೆಯ ಮೂಲವೇ ಇವನು ಎನ್ನುತ್ತಾರೆ. ಅದನ್ನು ಓದುವಾಗ ಮೈ ಉರಿಯುತ್ತದೆ. ಟರ್ಫ್ ಬಗ್ಗೆ ಮಾತಾಡುವವರು ಮೊದಲು ಈ ಭಾಗ ಓದಬೇಕು ಎಂದು ನನಗನ್ನಿಸುತ್ತದೆ. ಬಣವೆಯ ಫೋಟೊ ನೋಡಿ ಎಷ್ಟು ಚೆಂದ ಅನ್ನುವುದು ಸುಲಭ. ಅದರ ಹಿಂದೆ ಬಗ್ಗಿದ ಬೆನ್ನುಗಳಿವೆ, ನೆನೆದ ಬಟ್ಟೆಯಲ್ಲಿ ಬೆಳೆದ ಮಕ್ಕಳಿದ್ದಾರೆ.

ಹೀನಿ: ಕೆಳಕ್ಕೆ, ಇನ್ನೂ ಕೆಳಕ್ಕೆ

ಶೇಮಸ್ ಹೀನಿ 1939ರಲ್ಲಿ ಡೆರಿ ಸೀಮೆಯ ಮಾಸ್‌ಬಾನ್ ಎಂಬ ಹೊಲಮನೆಯಲ್ಲಿ ಹುಟ್ಟಿದರು. 1966ರಲ್ಲಿ ಬಂದ ಮೊದಲ ಸಂಕಲನದ ಮೊದಲ ಪದ್ಯವೇ ‘ಡಿಗ್ಗಿಂಗ್’. ಕವಿ ಕಿಟಕಿಯ ಬಳಿ ಲೇಖನಿ ಹಿಡಿದು ಕೂತಿದ್ದಾರೆ. ಕೆಳಗೆ ಅಪ್ಪ ಹೂವಿನ ಪಾತಿ ಅಗೆಯುತ್ತಿದ್ದಾರೆ. ಸದ್ದು ಕೇಳುತ್ತಲೇ ಇಪ್ಪತ್ತು ವರ್ಷ ಹಿಂದಿನ ಆಲೂಗಡ್ಡೆ ಸಾಲು ನೆನಪಾಗುತ್ತದೆ. ಅಲ್ಲಿಂದ ತಾತನಿಗೆ ಹೋಗುತ್ತದೆ. ಟೋನರ್‌ನ ಜೌಗಿನಲ್ಲಿ ತಾತನಷ್ಟು ಟರ್ಫ್ ಒಂದೇ ದಿನಕ್ಕೆ ಕಡಿಯುವವರು ಬೇರೆ ಯಾರೂ ಇರಲಿಲ್ಲ. ಒಂದು ದಿನ ಮೊಮ್ಮಗ ಬಾಟಲಿಯಲ್ಲಿ ಹಾಲು ಒಯ್ಯುತ್ತಾನೆ. ಬಾಯಿಗೆ ಕಾಗದ ತುರುಕಿದ ಬಾಟಲಿ. ತಾತ ಸೊಂಟ ನೆಟ್ಟಗೆ ಮಾಡಿ ಕುಡಿಯುತ್ತಾರೆ. ಕುಡಿದ ತಕ್ಷಣ ಮತ್ತೆ ಬಗ್ಗುತ್ತಾರೆ. ನೀಟಾಗಿ ಕತ್ತರಿಸುತ್ತಾ, ಹೆಂಟೆಗಳನ್ನು ಭುಜದ ಮೇಲಿಂದ ಹಿಂದಕ್ಕೆ ಎಸೆಯುತ್ತಾ, ಒಳ್ಳೆಯ ಟರ್ಫ್‌ಗಾಗಿ ಕೆಳಕ್ಕೆ, ಇನ್ನೂ ಕೆಳಕ್ಕೆ ಹೋಗುತ್ತಾರೆ.

ಒಳ್ಳೆಯ ಟರ್ಫ್ ಕೆಳಗೇ ಇರುತ್ತದೆ ಎಂದು ಮೇಲೆ ಹೇಳಿದ್ದು ಇದಕ್ಕೇ. ಪರೀಕ್ಷೆಯ ಗೈಡುಗಳು ಇದನ್ನು ನೆನಪಿನ ಆಳಕ್ಕೆ ಹೋಗುವ ರೂಪಕ ಎಂದು ಬರೆದು ಮುಗಿಸುತ್ತವೆ. ಸರಿಯೇ. ಆದರೆ ತಾತನಿಗೆ ಅದು ರೂಪಕವಾಗಿರಲಿಲ್ಲ. ಕಪ್ಪು ಪೀಟ್ ಸಿಕ್ಕರೆ ಜನವರಿಯ ರಾತ್ರಿ ಒಲೆ ಬೆಳಗಿನ ತನಕ ಕಾವು ಹಿಡಿಯುತ್ತದೆ, ಅಷ್ಟೇ ಅವರ ಲೆಕ್ಕ. ಕವಿ ಆ ಲೆಕ್ಕವನ್ನು ಗೌರವಿಸಿದ್ದರಿಂದಲೇ ರೂಪಕಕ್ಕೆ ಭಾರ ಬಂದಿದೆ.

ಪದ್ಯದ ಕೊನೆಗೆ ಮಗ ಹೇಳುತ್ತಾನೆ: ಅವರ ಹಾಗೆ ಮಾಡಲು ನನ್ನ ಹತ್ತಿರ ಸಲಿಕೆ ಇಲ್ಲ, ಲೇಖನಿಯಿಂದಲೇ ಅಗೆಯುತ್ತೇನೆ. ಇದನ್ನು ಆತ್ಮವಿಶ್ವಾಸದ ಮಾತೆಂದು ಓದುವುದು ರೂಢಿ. ನನಗೆ ಅದರಲ್ಲಿ ಬೀಳ್ಕೊಡುಗೆಯೂ ಕಾಣುತ್ತದೆ. 1964ರಲ್ಲಿ ಬರೆದ ಪದ್ಯ. ಓದಿದ ಮಗ ಜೌಗಿಗೆ ಮರಳುವುದಿಲ್ಲ ಎಂದು ಆಗಲೇ ತೀರ್ಮಾನವಾಗಿತ್ತು. ಸರ್ಕಾರದ ಕಾನೂನು ಬರಲು ಇನ್ನೂ ಅರ್ಧ ಶತಮಾನ ಬಾಕಿ ಇತ್ತು.

1969ರ ಸಂಕಲನದ ಕೊನೆಯಲ್ಲಿ ‘ಬಾಗ್‌ಲ್ಯಾಂಡ್’ ಇದೆ. ನಮ್ಮಲ್ಲಿ ಅಮೆರಿಕದಂಥ ಹುಲ್ಲುಗಾವಲುಗಳಿಲ್ಲ ಎಂದು ಶುರುವಾಗುತ್ತದೆ. ಅಮೆರಿಕದವರು ಪಶ್ಚಿಮಕ್ಕೆ ಹೋದರು, ನಮ್ಮವರು ಒಳಕ್ಕೆ, ಕೆಳಕ್ಕೆ ಅಗೆಯುತ್ತಾ ಹೋದರು. ಇಲ್ಲಿ ಕಲ್ಲಿದ್ದಲು ಎಂದೂ ಸಿಗುವುದಿಲ್ಲ, ನೀರು ಕುಡಿದು ಮೆತ್ತಗಾದ ಮರದ ದಿಮ್ಮಿ ಸಿಗುತ್ತದೆ. ನೂರು ವರ್ಷ ಹಿಂದೆ ಹೂತಿಟ್ಟ ಬೆಣ್ಣೆ ಬೆಳ್ಳಗೆ, ಉಪ್ಪುಪ್ಪಾಗಿ ಎದ್ದು ಬರುತ್ತದೆ. ಇದು ಕಲ್ಪನೆ ಅಲ್ಲ. ಜೌಗು ವಸ್ತುಗಳನ್ನು ಕೆಡದ ಹಾಗೆ ಇಟ್ಟುಕೊಳ್ಳುತ್ತದೆ. ಲಾಂಗ್‌ಫರ್ಡ್ ಸೀಮೆಯ ಕಾರ್ಲೀಯಲ್ಲಿ ಕ್ರಿಸ್ತಪೂರ್ವ 148ರ ಓಕ್ ಹಲಗೆಯ ರಸ್ತೆ ಸಿಕ್ಕಿತು. 2006ರಲ್ಲಿ ಟಿಪ್ಪರೇರಿಯಲ್ಲಿ ಯಂತ್ರದ ಬಾಯಿಗೆ ಸುಮಾರು 1,200 ವರ್ಷ ಹಳೆಯ ಪ್ರಾರ್ಥನಾ ಪುಸ್ತಕ ಸಿಕ್ಕಿತು. 2003ರಲ್ಲಿ ಎರಡು ಸಾವಿರ ವರ್ಷಕ್ಕೂ ಹಳೆಯ ಇಬ್ಬರ ದೇಹಗಳು ಸಿಕ್ಕವು. ಅವರಲ್ಲಿ ಒಬ್ಬನ ತಲೆಗೂದಲು ಹಾಗೇ ಇತ್ತು. ಡಬ್ಲಿನ್ನಿನ ರಾಷ್ಟ್ರೀಯ ಮ್ಯೂಸಿಯಂನಲ್ಲಿ ಈಗಲೂ ನೋಡಬಹುದು.

ಜೌಗಿನ ತೇವದ ನಡುವಿಗೆ ತಳವಿಲ್ಲ ಎಂದು ಪದ್ಯ ಮುಗಿಯುತ್ತದೆ. ಆ ಮಾತೂ ಊರಿನದೇ. ಮಕ್ಕಳು ಗುಂಡಿಗಳ ಹತ್ತಿರ ಹೋಗದಿರಲಿ ಎಂದು ದೊಡ್ಡವರು ಹಾಗೆ ಹೆದರಿಸುತ್ತಿದ್ದರಂತೆ. ಆಮೇಲೆ ಹೀನಿ ಡೆನ್ಮಾರ್ಕಿನ ಟೊಲುಂಡ್ ಮನುಷ್ಯನ ಬಗ್ಗೆ ಬರೆದರು. 1950ರಲ್ಲಿ ಅವನನ್ನು ಕಂಡದ್ದೂ ಪೀಟ್ ಕಡಿಯುವವರೇ. ಬಲಿಯಾಗಿ ಸತ್ತ ಆ ಹಳೆಯ ದೇಹದಲ್ಲಿ ಅವರು ಉತ್ತರ ಐರ್ಲೆಂಡಿನ ಆ ಕಾಲದ ಕೊಲೆಗಳನ್ನು ಕಂಡರು. ಅದು ಬೇರೆಯೇ ದೊಡ್ಡ ವಿಷಯ, ಇಲ್ಲಿ ಬೇಡ.

ಯಂತ್ರ ಬಂತು, ಕಾನೂನು ಬಂತು

ಟರ್ಫ್ ಹೇಗೆ ಹೋಯಿತು ಅನ್ನುವುದರಲ್ಲಿ ಎರಡು ಹಂತ ಇದೆ. ಅವನ್ನು ಬೆರೆಸಿದರೆ ಗೊಂದಲವಾಗುತ್ತದೆ.

ಮೊದಲನೆಯದು ಯಂತ್ರ. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ಕಲ್ಲಿದ್ದಲು ಬರುವುದು ಕಡಿಮೆಯಾದಾಗ ಡಬ್ಲಿನ್ ಕೂಡ ಟರ್ಫ್ ಮೇಲೆ ನಿಂತಿತು. ಅಲ್ಲಿಯ ಫೀನಿಕ್ಸ್ ಪಾರ್ಕಿನ ದೊಡ್ಡ ರಸ್ತೆಯ ಎರಡೂ ಬದಿಗೆ ಟರ್ಫ್ ಗುಡ್ಡೆ ಹಾಕಿದ್ದರು. 1946ರಲ್ಲಿ ಬೋರ್ಡ್ ನ ಮೋನಾ ಎಂಬ ಸರ್ಕಾರಿ ಸಂಸ್ಥೆ ಹುಟ್ಟಿತು. ನಡುನಾಡಿನ ಜೌಗುಗಳಿಗೆ ಕಾಲುವೆ ತೋಡಿ, ಒಣಗಿಸಿ, ಯಂತ್ರದಿಂದ ಪೀಟ್ ಕೆರೆದು ತೆಗೆದರು. 1950ರಿಂದ ಪೀಟ್ ಸುಟ್ಟು ಕರೆಂಟ್ ಮಾಡಿದರು. ಬಡ ಸೀಮೆಗಳಿಗೆ ಸಂಬಳದ ಕೆಲಸ ಬಂತು, ಇದನ್ನು ಮರೆಯಬಾರದು. ಮನೆಬಳಕೆಯ ಟರ್ಫ್ ಕಡಿಯುವುದಕ್ಕೂ ಟ್ರ್ಯಾಕ್ಟರ್ ಯಂತ್ರ ಬಂತು. 1980ರ ದಶಕದಿಂದ ಸ್ಲೇನ್ ಹೆಚ್ಚಾಗಿ ಗೋಡೆಗೆ ಹೋಯಿತು. ಹೀನಿಯ ತಾತನ ಕೈಚಳಕವನ್ನು ಕೊನೆಗಾಣಿಸಿದ್ದು ಪರಿಸರ ಕಾನೂನಲ್ಲ, ಯಂತ್ರ. ಕೈಯಿಂದ ಹೆಂಟೆ ಎತ್ತಿ ನಿಲ್ಲಿಸುವ ಕೆಲಸ ಮಾತ್ರ ಉಳಿಯಿತು.

ಎರಡನೆಯದು ಕಾನೂನು. ಪೀಟ್ ಎಂದರೆ ಹಿಡಿದಿಟ್ಟ ಇಂಗಾಲ. ಭೂಮಿಯ ನೆಲದಲ್ಲಿ ಪೀಟ್ ಇರುವುದು ಶೇಕಡಾ 3ರಷ್ಟು. ಆದರೆ ಪ್ರಪಂಚದ ಎಲ್ಲ ಕಾಡುಗಳಿಗಿಂತ ಹೆಚ್ಚು ಇಂಗಾಲ ಅದರಲ್ಲಿದೆ. ಜೌಗನ್ನು ಒಣಗಿಸಿದರೆ ಸಾಕು, ಸುಡದಿದ್ದರೂ ಅದು ಗಾಳಿಗೆ ಹೋಗತೊಡಗುತ್ತದೆ. ಸುಟ್ಟರಂತೂ ಅಷ್ಟೇ ಕಾವಿಗೆ ಕಲ್ಲಿದ್ದಲಿಗಿಂತ ಜಾಸ್ತಿ ಕಾರ್ಬನ್ ಡೈಆಕ್ಸೈಡ್ ಬರುತ್ತದೆ. ಐರ್ಲೆಂಡಿನ ಉಬ್ಬು ಜೌಗುಗಳಲ್ಲಿ, ಅಂದರೆ ಕೆರೆ ತುಂಬಿ ದಪ್ಪವಾದ ನಡುನಾಡಿನ ಜೌಗುಗಳಲ್ಲಿ, ಈಗಲೂ ಜೀವಂತವಾಗಿ ಬೆಳೆಯುತ್ತಿರುವ ಭಾಗ ಮೂಲದ ಶೇಕಡಾ 1ಕ್ಕಿಂತ ಕಡಿಮೆ. ಹೊಗೆಯ ಸೂಕ್ಷ್ಮ ಕಣಗಳು ಎದೆಗೂ ಹೃದಯಕ್ಕೂ ಕೆಟ್ಟದ್ದು. ಗಾಳಿ ಕೆಟ್ಟದ್ದರಿಂದ ವರ್ಷಕ್ಕೆ ಸಾವಿರಕ್ಕೂ ಹೆಚ್ಚು ಜನ ಅಕಾಲದಲ್ಲಿ ಸಾಯುತ್ತಾರೆ ಎಂಬುದು ಐರ್ಲೆಂಡಿನ ಅಧಿಕೃತ ಅಂದಾಜು.

ಯುರೋಪಿನ 1992ರ ನಿಯಮದ ಪ್ರಕಾರ 53 ಉಬ್ಬು ಜೌಗುಗಳು ರಕ್ಷಿತ ಪಟ್ಟಿಗೆ ಸೇರಿದವು. 2011ರಲ್ಲಿ ಅವುಗಳಲ್ಲಿ ಕಡಿಯುವುದನ್ನು ನಿಲ್ಲಿಸಲು ಹೇಳಿದರು. ವರ್ಷಕ್ಕೆ 1,500 ಯೂರೊ ಪರಿಹಾರ, 15 ವರ್ಷ. ಇಲ್ಲವೇ ಬೇರೆ ಜೌಗಿಗೆ ಸ್ಥಳಾಂತರ. ಕೆಲವು ಕಡೆ ಜನ ಒಪ್ಪದೆ ಪೊಲೀಸರ ಮುಂದೆಯೇ ಯಂತ್ರ ಇಳಿಸಿದರು. 2020ರ ಕೊನೆಗೆ ಶ್ಯಾನನ್‌ಬ್ರಿಜ್ ಮತ್ತು ಲೇನ್ಸ್‌ಬರೋ ಪೀಟ್ ವಿದ್ಯುತ್ ಸ್ಥಾವರಗಳು ಮುಚ್ಚಿದವು. 2021ರ ಜನವರಿಯಲ್ಲಿ ಬೋರ್ಡ್ ನ ಮೋನಾ ಪೀಟ್ ತೆಗೆಯುವುದನ್ನು ಪೂರ್ತಿ ನಿಲ್ಲಿಸಿರುವುದಾಗಿ ಹೇಳಿತು. 2022ರ ಅಕ್ಟೋಬರ್ 31ರಿಂದ ಅಂಗಡಿಯಲ್ಲಿ, ಆನ್‌ಲೈನ್‌ನಲ್ಲಿ, ಸಾರ್ವಜನಿಕ ಜಾಗದಲ್ಲಿ ಟರ್ಫ್ ಮಾರುವಂತಿಲ್ಲ. ಕಡಿಯುವ ಹಕ್ಕು ಇರುವ ಕುಟುಂಬ ತನ್ನ ಒಲೆಗೆ ಕಡಿದುಕೊಳ್ಳಬಹುದು. ಟರ್ಫ್ ಸುಡುವುದೇ ನಿಷೇಧವಾಯಿತು ಎಂದು ಹರಡಿದ ಸುದ್ದಿ ತಪ್ಪು. ಇದು ಐರ್ಲೆಂಡ್ ಗಣರಾಜ್ಯದ ಕಾನೂನು. ಹೀನಿ, ಮಾಂಟೆಗ್ಯೂ ಅವರ ಡೆರಿ, ಟೈರೋನ್ ಸೀಮೆಗಳು ಬ್ರಿಟನ್ನಿಗೆ ಸೇರಿದ ಉತ್ತರದಲ್ಲಿವೆ.

ನನ್ನ ಮಟ್ಟಿಗೆ ವಿಜ್ಞಾನದ ಮಾತು ಸರಿ. ಜೌಗು ಉಳಿಯಬೇಕು. ಆದರೆ ಲೆಕ್ಕ ಅಲ್ಲಿಗೇ ಮುಗಿಯಬಾರದು. ಸಾವಿರಾರು ಹೆಕ್ಟೇರ್ ಕೆರೆದದ್ದು ದೊಡ್ಡ ಯಂತ್ರಗಳು. ಬೈಗುಳ ಹೆಚ್ಚಾಗಿ ಕೇಳುತ್ತಿರುವುದು ಹಳೆಯ ಮನೆಯಲ್ಲಿ ಒಂದೇ ಒಲೆ ಇಟ್ಟುಕೊಂಡ ವಯಸ್ಸಾದವರು. ಅವರಿಗೆ ಟರ್ಫ್ ಬದಲು ಎಣ್ಣೆ, ಅಂದರೆ ತಿಂಗಳ ಬಿಲ್ಲು. ಮೈಮುರಿದು ದುಡಿದು ಪಡೆಯುತ್ತಿದ್ದದ್ದಕ್ಕೆ ಈಗ ದುಡ್ಡು ಎಣಿಸಬೇಕು. ಮನೆಗೆ ಚಳಿ ನುಗ್ಗದ ಹಾಗೆ ಗೋಡೆ, ಚಾವಣಿ ರಿಪೇರಿ ಮಾಡಿಸಿಕೊಡದೆ ಟರ್ಫ್ ಮಾತ್ರ ಬಿಡಿ ಎನ್ನುವುದು ನ್ಯಾಯವಲ್ಲ. ಪರಿಹಾರದ ಯೂರೊಗೆ ಮುಯ್ಯಾಳು ಸಿಗುವುದಿಲ್ಲ, ಜೌಗಿನ ಚಹಾವೂ ಸಿಗುವುದಿಲ್ಲ.

ಬೋರ್ಡ್ ನ ಮೋನಾ ಈಗ ಕಾಲುವೆಗಳನ್ನು ಮುಚ್ಚಿ, ನೀರು ನಿಲ್ಲಿಸಿ, ಸುಮಾರು 33,000 ಹೆಕ್ಟೇರ್ ಜೌಗನ್ನು ಮತ್ತೆ ತೇವ ಮಾಡುವ ಕೆಲಸದಲ್ಲಿದೆ. ಹಿಂದೆ ಪೀಟ್ ತೆಗೆದ ಕಾರ್ಮಿಕರಲ್ಲಿ ಕೆಲವರಿಗೆ ಅದರಲ್ಲೇ ಕೆಲಸ ಸಿಕ್ಕಿದೆ. ಇದರಲ್ಲಿ ನಮಗೂ ಒಂದು ಎಳೆ ಇದೆ. ತೋಟಗಾರಿಕೆಗೆ ಯುರೋಪಿನಲ್ಲಿ ಪೀಟ್ ಬಳಸುತ್ತಿದ್ದ ಕಡೆ ಈಗ ಭಾರತ, ಶ್ರೀಲಂಕಾದಿಂದ ಹೋಗುವ ಕೊಕೊಪೀಟ್ ಬಳಕೆ ಹೆಚ್ಚುತ್ತಿದೆ. ನಮ್ಮ ನರ್ಸರಿಗಳಲ್ಲಿ ಕುಂಡಕ್ಕೆ ಹಾಕುವ ಅದೇ ತೆಂಗಿನ ನಾರಿನ ಪುಡಿ.

ಓದಲು ಶುರು ಮಾಡುವವರಿಗೆ ಒಂದು ಕ್ರಮ ಹೇಳುತ್ತೇನೆ. ‘ಡಿಗ್ಗಿಂಗ್’ ಮೊದಲು, ‘ಬಾಗ್‌ಲ್ಯಾಂಡ್’ ಆಮೇಲೆ. ಎರಡೂ ಚಿಕ್ಕವು, ಇಂಗ್ಲಿಷ್ ಸರಳ. ಮಾಂಟೆಗ್ಯೂ ಅವರ ಮುದುಕರ ಪದ್ಯವನ್ನು ಗಟ್ಟಿಯಾಗಿ ಓದಿ, ಹೆಸರುಗಳ ಸದ್ದು ಕೇಳಬೇಕು. ‘ಕ್ವಾರಂಟೀನ್’ ಓದಿದ ದಿನ ಬೇರೇನೂ ಓದಲು ಮನಸ್ಸಾಗುವುದಿಲ್ಲ. ‘ದ ಗ್ರೇಟ್ ಹಂಗರ್’ ಮಾತ್ರ ಉದ್ದ, ಒಂದೇ ಸಲಕ್ಕೆ ಆಗುವುದಿಲ್ಲ. ದಿನಕ್ಕೊಂದು ಭಾಗದಂತೆ ಹದಿನಾಲ್ಕು ದಿನ ಇಟ್ಟುಕೊಳ್ಳಿ, ಹದಿಮೂರನೆಯದನ್ನು ಎರಡು ಸಲ ಓದಿ.